ಮಾಥೇರಾನ್ ಟಾಯ್ ಟ್ರೈನ್: ಮೂರು ವರ್ಷ ತುಂಡಾಗಿದ್ದ ಬೆಟ್ಟದ ರೈಲು ಮತ್ತೆ ನೇರಳ್ ತಲುಪಿದ್ದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ದಿವಾ (ಥಾಣೆ): ದಿವಾ, ಡೊಂಬಿವಲಿ, ಕಲ್ಯಾಣ್ ಭಾಗದ ಕನ್ನಡಿಗರಿಗೆ ರೈಲು ಎಂದರೆ ಮೊದಲು ನೆನಪಾಗುವುದು ಬೆಳಗಿನ ಲೋಕಲ್ ಮತ್ತು ಅದರ ನೂಕುನುಗ್ಗಲು. ಎರಡನೆಯದು ಊರಿಗೆ ಹೋಗುವ ರೈಲು. ದಿವಾ ಜಂಕ್ಷನ್ ಬಳಿ ಹಳಿ ಬದಲಿಸಿ, ಪನ್ವೇಲ್ ದಾಟಿ, ಕೊಂಕಣದ ಸುರಂಗಗಳ ಮೂಲಕ ಉಡುಪಿ, ಮಂಗಳೂರು ಸೇರುವ ಮಾರ್ಗ. ಆದರೆ ಇದೇ ದಿವಾದಿಂದ ಕಲ್ಯಾಣ್ ದಾಟಿ ಕರ್ಜತ್ ಕಡೆ ಹೋದರೆ ಮೂರನೆಯದೊಂದು ರೈಲು ಸಿಗುತ್ತದೆ. ಅದೇ ನೇರಳ್-ಮಾಥೇರಾನ್ ಟಾಯ್ ಟ್ರೈನ್.

ನೂರು ವರ್ಷ ದಾಟಿದ ಈ ಪುಟಾಣಿ ರೈಲು 2019ರ ಆಗಸ್ಟ್‌ನಿಂದ 2022ರ ಅಕ್ಟೋಬರ್‌ವರೆಗೆ ನೇರಳ್ ನಿಲ್ದಾಣಕ್ಕೆ ಬರಲೇ ಇಲ್ಲ. ಮಳೆಗೆ ಹಳಿ ಕೊಚ್ಚಿಹೋಗಿ, ದೇಶದ ರೈಲು ಜಾಲದೊಂದಿಗೆ ಅದಕ್ಕಿದ್ದ ಒಂದೇ ಒಂದು ಕೊಂಡಿ ಕಳಚಿಬಿದ್ದಿತ್ತು. ಬೆಟ್ಟದ ಮೇಲೆ ಒಂದು ಸಣ್ಣ ತುಂಡು ಮಾತ್ರ ಓಡುತ್ತಿತ್ತು. ಹಾಗೆ ತುಂಡಾದ ಪಾರಂಪರಿಕ ರೈಲನ್ನು ಮತ್ತೆ ಜೋಡಿಸಲು ಏನೇನು ಬೇಕು? ವಿದೇಶಗಳಲ್ಲಿ ಸ್ವಯಂಸೇವಕರೇ ಇಂತಹ ರೈಲುಗಳನ್ನು ಮುಖ್ಯ ಮಾರ್ಗಕ್ಕೆ ಜೋಡಿಸಿದ್ದು ಹೇಗೆ? ನಮ್ಮಲ್ಲಿ ಅದು ಏಕೆ ಅಷ್ಟು ಸುಲಭವಲ್ಲ? ಎಲ್ಲದರ ವಿವರ ಇಲ್ಲಿದೆ.

ಮುಖ್ಯಾಂಶಗಳು

* ಮಾರ್ಗ: ನೇರಳ್‌ನಿಂದ ಮಾಥೇರಾನ್‌ವರೆಗೆ, ಸುಮಾರು 21 ಕಿ.ಮೀ.
* ನಿಲ್ದಾಣಗಳು: ನೇರಳ್, ಜುಮ್ಮಾಪಟ್ಟಿ, ವಾಟರ್ ಪೈಪ್, ಅಮನ್ ಲಾಡ್ಜ್, ಮಾಥೇರಾನ್.
* ಹಳಿಗಳ ನಡುವಿನ ಅಂತರ: 2 ಅಡಿ, ಅಂದರೆ 610 ಮಿ.ಮೀ.
* ಸಂಚಾರ ಆರಂಭ: 1907.
* ನಡೆಸುವವರು: ಮಧ್ಯ ರೈಲ್ವೆಯ ಮುಂಬೈ ವಿಭಾಗ.
* ಕೊನೆಯ ದೀರ್ಘ ಸ್ಥಗಿತ: 2019ರ ಆಗಸ್ಟ್‌ನಿಂದ 2022ರ ಅಕ್ಟೋಬರ್ 22ರವರೆಗೆ.

ಒಬ್ಬ ಉದ್ಯಮಿಯ ಹಟದಿಂದ ಹುಟ್ಟಿದ ರೈಲು

ಮಾಥೇರಾನ್ ಗಿರಿಧಾಮ ಹೊರಜಗತ್ತಿಗೆ ಪರಿಚಯವಾಗಿದ್ದು 1850ರಲ್ಲಿ. ಆಗ ಥಾಣೆ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹ್ಯೂ ಪಾಯಿಂಟ್ಜ್ ಮ್ಯಾಲೆಟ್ ಬೆಟ್ಟ ಹತ್ತಿ ಆ ಜಾಗದ ಸೊಬಗಿಗೆ ಮಾರುಹೋದರು ಎಂಬುದು ದಾಖಲಾದ ಸಂಗತಿ. 1853ರಲ್ಲಿ ಬೋರಿ ಬಂದರ್‌ನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. 1854ರಲ್ಲಿ ಹಳಿ ಕಲ್ಯಾಣ್ ತಲುಪಿತು. 1856ರಲ್ಲಿ ಮಾಥೇರಾನ್ ಬೆಟ್ಟದ ಬುಡದಲ್ಲಿರುವ ನೇರಳ್ ಮಾರ್ಗವಾಗಿ ಮುಂದೆ ಸಾಗಿತು. ಮುಂಬೈಯಿಂದ ನೇರಳ್‌ವರೆಗೆ ಬರುವುದೇನೋ ಸುಲಭವಾಯಿತು. ಅಲ್ಲಿಂದ ಮೇಲಕ್ಕೆ ಮಾತ್ರ ಕುದುರೆ, ಪಲ್ಲಕ್ಕಿ ಅಥವಾ ಕಾಲ್ನಡಿಗೆಯೇ ಗತಿಯಾಗಿತ್ತು.

ಈ ತೊಂದರೆ ನೀಗಿಸಿದವರು ಮುಂಬೈಯ ಉದ್ಯಮಿ ಸರ್ ಆದಂಜಿ ಪೀರ್‌ಭಾಯ್ ಅವರ ಕುಟುಂಬ. ಅವರ ಮಗ ಅಬ್ದುಲ್ ಹುಸೇನ್ ಆದಂಜಿ ಪೀರ್‌ಭಾಯ್ 1900ರಲ್ಲಿ ಯೋಜನೆ ರೂಪಿಸಿದರು. 1904ರಲ್ಲಿ ಕಾಮಗಾರಿ ಶುರುವಾಗಿ 1907ರಲ್ಲಿ ರೈಲು ಓಡಿತು. ಆ ಕಾಲಕ್ಕೆ ತಗುಲಿದ ವೆಚ್ಚ ಸುಮಾರು 16 ಲಕ್ಷ ರೂಪಾಯಿ. ಸಲಹೆಗಾರ ಎಂಜಿನಿಯರ್ ಆಗಿದ್ದವರು ಎವೆರಾರ್ಡ್ ಕ್ಯಾಲ್ತ್ರಾಪ್. ಇದೇ ಮಹಾರಾಷ್ಟ್ರದ ಬಾರ್ಶಿ ಲೈಟ್ ರೈಲ್ವೆಯನ್ನು ನಿರ್ಮಿಸಿದ್ದೂ ಅವರೇ.

ಜರ್ಮನಿಯ ಓರೆನ್‌ಸ್ಟೈನ್ ಅಂಡ್ ಕೊಪ್ಪೆಲ್ ಕಂಪನಿಯಿಂದ ನಾಲ್ಕು ಉಗಿ ಎಂಜಿನ್‌ಗಳು ಬಂದವು. ಕಡಿದಾದ ತಿರುವುಗಳಲ್ಲಿ ಸರಾಗವಾಗಿ ಹೊರಳುವಂತೆ ಅವುಗಳ ಅಚ್ಚುಗಳನ್ನು ವಿಶೇಷವಾಗಿ ರೂಪಿಸಲಾಗಿತ್ತು. 1980ರ ದಶಕದ ಆರಂಭದವರೆಗೂ ಈ ಎಂಜಿನ್‌ಗಳೇ ಬೆಟ್ಟ ಹತ್ತಿದವು. ಬಳಿಕ ಡೀಸೆಲ್ ಎಂಜಿನ್‌ಗಳು ಆ ಕೆಲಸ ವಹಿಸಿಕೊಂಡವು.

ಹಲ್ಲುಹಳಿಯಿಲ್ಲದೆ ಬೆಟ್ಟ ಹತ್ತುವ ರೈಲು

ಸಮುದ್ರಮಟ್ಟದಿಂದ ಹೆಚ್ಚೇನೂ ಎತ್ತರವಿಲ್ಲದ ನೇರಳ್‌ನಿಂದ ಸುಮಾರು 800 ಮೀಟರ್ ಎತ್ತರದ ಮಾಥೇರಾನ್‌ಗೆ ಈ ರೈಲು ಏರಬೇಕು. ಕೆಲವೆಡೆ ಪ್ರತಿ 20 ಮೀಟರ್‌ಗೆ 1 ಮೀಟರ್‌ನಷ್ಟು ಏರುವ ದಾರಿ. ನೀಲಗಿರಿ ರೈಲಿನಲ್ಲಿ ಇಂತಹ ಏರನ್ನು ಹತ್ತಲು ಹಳಿಗಳ ನಡುವೆ ಹಲ್ಲುಪಟ್ಟಿ ಅಳವಡಿಸಿದ್ದಾರೆ. ಮಾಥೇರಾನ್‌ನಲ್ಲಿ ಅದಿಲ್ಲ. ಚಕ್ರ ಮತ್ತು ಹಳಿಯ ಹಿಡಿತದ ಬಲದಿಂದಲೇ ರೈಲು ಮೇಲೇರಬೇಕು.

ಹೀಗಾಗಿ ಮಾರ್ಗ ಹಾವಿನಂತೆ ಹೊರಳಿ, ಕುದುರೆ ಲಾಳದಂತೆ ಸುತ್ತಿ ಸಾಗುತ್ತದೆ. ಸುಮಾರು 220 ತಿರುವುಗಳಿವೆ, ಸುರಂಗ ಮಾತ್ರ ಒಂದೇ ಒಂದು. ಅದು ಎಷ್ಟು ಚಿಕ್ಕದೆಂದರೆ, ಅದು ಮುಗಿಯುವಷ್ಟರಲ್ಲಿ ಒಂದು ಮುತ್ತಿಗೆ ಮಾತ್ರ ಸಮಯ ಎಂದು ಪ್ರಯಾಣಿಕರು ಅದಕ್ಕೆ 'ಒನ್ ಕಿಸ್ ಟನಲ್' ಎಂದೇ ಹೆಸರಿಟ್ಟಿದ್ದಾರೆ. ವೇಗ ಗಂಟೆಗೆ 20 ಕಿ.ಮೀ. ಮೀರುವುದಿಲ್ಲ. 21 ಕಿ.ಮೀ. ದೂರಕ್ಕೆ ಎರಡು ಗಂಟೆಗೂ ಹೆಚ್ಚು ಸಮಯ ಬೇಕು.

ಈ ಸೊಬಗೇ ಅದರ ದೌರ್ಬಲ್ಯವೂ ಹೌದು. ಹಳಿಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಮರಿ. ಸಹ್ಯಾದ್ರಿಯ ಮಳೆ ಜೋರಾಗಿ ಸುರಿದರೆ ಮೇಲಿನಿಂದ ಮಣ್ಣು, ಬಂಡೆ ಬೀಳುತ್ತವೆ. ಕೆಳಗಿನಿಂದ ಹಳಿಗೆ ಆಸರೆಯಾದ ಮಣ್ಣು, ಜಲ್ಲಿ ಕೊಚ್ಚಿಹೋಗುತ್ತವೆ.

17 ವರ್ಷ, ಮೂರು ದೀರ್ಘ ಸ್ಥಗಿತ

2005ರಿಂದ ಈಚೆಗೆ ಈ ಮಾರ್ಗ ಮೂರು ಬಾರಿ ದೀರ್ಘಕಾಲ ನಿಂತುಹೋಗಿದೆ.

* 2005: ಜುಲೈ 26ರ ಮಹಾಮಳೆ ಮುಂಬೈಯನ್ನು ಮುಳುಗಿಸಿದ ದಿನವೇ ಮಾಥೇರಾನ್ ಮಾರ್ಗವೂ ಹಾಳಾಯಿತು. ರೈಲು ಮತ್ತೆ ಓಡಿದ್ದು 2007ರ ಮಾರ್ಚ್‌ನಲ್ಲಿ. ಶತಮಾನೋತ್ಸವದ ಹೊತ್ತಿಗೆ ಹೇಗೋ ಸಿದ್ಧವಾಯಿತು.
* 2016: ಮೇ ತಿಂಗಳಲ್ಲಿ ಒಂದೇ ವಾರದ ಅಂತರದಲ್ಲಿ ಎರಡು ಬಾರಿ ಬೋಗಿಗಳು ಹಳಿ ತಪ್ಪಿದವು. ಸುರಕ್ಷತೆಯ ಕಾರಣಕ್ಕೆ ಸಂಚಾರ ನಿಲ್ಲಿಸಲಾಯಿತು. 2017ರ ಅಕ್ಟೋಬರ್‌ನಲ್ಲಿ ಅಮನ್ ಲಾಡ್ಜ್-ಮಾಥೇರಾನ್ ನಡುವೆ, 2018ರ ಜನವರಿಯಲ್ಲಿ ಪೂರ್ಣ ಮಾರ್ಗದಲ್ಲಿ ಸಂಚಾರ ಮರಳಿತು.
* 2019: ಆಗಸ್ಟ್‌ನ ಮಳೆಗೆ ಹಲವೆಡೆ ಹಳಿ ಕೊಚ್ಚಿಹೋಯಿತು. ಪೂರ್ಣ ಮಾರ್ಗ ಮತ್ತೆ ತೆರೆದಿದ್ದು 2022ರ ಅಕ್ಟೋಬರ್ 22ರಂದು.

ಮೂರನ್ನೂ ಕೂಡಿದರೆ, 17 ವರ್ಷಗಳಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ನೇರಳ್-ಮಾಥೇರಾನ್ ನಡುವೆ ಪೂರ್ಣ ಪ್ರಮಾಣದಲ್ಲಿ ರೈಲು ಓಡಿಲ್ಲ. ಇದರ ಜೊತೆಗೆ ಪ್ರತಿ ವರ್ಷ ಜೂನ್ ಮಧ್ಯದಿಂದ ಸುಮಾರು ನಾಲ್ಕು ತಿಂಗಳು ಮಳೆಗಾಲದ ಸ್ಥಗಿತ ಬೇರೆ.

2019ರ ಮಳೆ ಎಷ್ಟು ಭೀಕರವಾಗಿತ್ತು ಎಂಬುದು ಈ ಭಾಗದವರಿಗೆ ಚೆನ್ನಾಗಿ ನೆನಪಿದೆ. ಅದೇ ವರ್ಷದ ಜುಲೈ ಕೊನೆಯಲ್ಲಿ ಕೊಲ್ಹಾಪುರದ ಕಡೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ-ವಾಂಗಣಿ ನಡುವೆ ನೆರೆಯಲ್ಲಿ ಸಿಲುಕಿತ್ತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರು ಮಾಡಲಾಗಿತ್ತು. ವಾಂಗಣಿಯಿಂದ ನೇರಳ್‌ಗೆ ನಡುವೆ ಇರುವುದು ಶೇಲು ಎಂಬ ಒಂದೇ ನಿಲ್ದಾಣ.

ಮುಖ್ಯ ಮಾರ್ಗ ಬೇಗ, ಟಾಯ್ ಟ್ರೈನ್ ನಿಧಾನ: ಏಕೆ?

ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಲುಕಿದ ಜಾಗದಲ್ಲಿ ನೀರು ಇಳಿಯುತ್ತಿದ್ದಂತೆ ದುರಸ್ತಿ ನಡೆದು ಲೋಕಲ್‌ಗಳು ಓಡಿದವು. ಕರ್ನಾಟಕದಲ್ಲೂ ಇಂತಹದೇ ಉದಾಹರಣೆಯಿದೆ. 2024ರ ಜುಲೈ ಕೊನೆಯಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯ ಯಡಕುಮಾರಿ-ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದಾಗ, ನೂರಾರು ಕಾರ್ಮಿಕರು ಹಗಲು ರಾತ್ರಿ ದುಡಿದು ಆಗಸ್ಟ್‌ನಲ್ಲೇ ಮಾರ್ಗವನ್ನು ಸಂಚಾರಕ್ಕೆ ಸಿದ್ಧಪಡಿಸಿದರು. ಮಂಗಳೂರು-ಬೆಂಗಳೂರು ನಡುವಿನ ರೈಲುಗಳು, ಬಂದರಿನ ಸರಕು ಎಲ್ಲವೂ ಆ ಒಂದು ಹಳಿಯನ್ನೇ ನಂಬಿದ್ದವು.

ಟಾಯ್ ಟ್ರೈನ್‌ಗೆ ಆ ಒತ್ತಡವಿಲ್ಲ. ಅದು ನಿಂತರೆ ಯಾವ ಎಕ್ಸ್‌ಪ್ರೆಸ್ ರೈಲಿನ ದಾರಿಯೂ ಬದಲಾಗುವುದಿಲ್ಲ, ಯಾವ ಕಾರ್ಖಾನೆಗೂ ಕಲ್ಲಿದ್ದಲು ತಡವಾಗುವುದಿಲ್ಲ. ಜೊತೆಗೆ ಕೆಲಸವೂ ಕಷ್ಟದ್ದು. ಹಳಿಯ ಪಕ್ಕದಲ್ಲಿ ರಸ್ತೆಯಿಲ್ಲದ ಕಡೆ ದೊಡ್ಡ ಯಂತ್ರ ಸಾಗಿಸಲಾಗದು. ಬ್ರಾಡ್‌ಗೇಜ್‌ನಲ್ಲಿ ಜಲ್ಲಿ ಹಾಕುವ, ಹಳಿ ಎತ್ತುವ ಯಂತ್ರಗಳು 610 ಮಿ.ಮೀ. ಹಳಿಯ ಮೇಲೆ ನಿಲ್ಲುವುದೇ ಇಲ್ಲ. ಹೆಚ್ಚಿನದನ್ನು ಆಳುಗಳ ಕೈಯಲ್ಲೇ ಮಾಡಿಸಬೇಕು.

2019ರ ನಂತರದ ದುರಸ್ತಿಯಲ್ಲಿ ಸವೆದ ಹಳಿ, ಸ್ಲೀಪರ್‌ಗಳನ್ನು ಬದಲಿಸಲಾಯಿತು. ಕುಸಿಯುವ ಜಾಗಗಳಲ್ಲಿ ತಂತಿ ಬಲೆಯಲ್ಲಿ ಕಲ್ಲು ತುಂಬಿದ ಗೋಡೆಗಳನ್ನು ಕಟ್ಟಲಾಯಿತು. ಕಮರಿಯ ಬದಿಗೆ ತಡೆಬೇಲಿ ಹಾಕಲಾಯಿತು. ನಡುವೆ 2020ರಲ್ಲಿ ಕೋವಿಡ್ ಲಾಕ್‌ಡೌನ್ ಕೂಡ ಬಂತು. ಹೀಗೆ ಮೂರು ವರ್ಷ ಎರಡು ತಿಂಗಳು ಕಳೆದವು.

ಬೆಟ್ಟದ ಮೇಲೆ ಒಂಟಿಯಾಗಿ ಓಡಿದ ಶಟಲ್

ನೇರಳ್‌ನ ಕೊಂಡಿ ಕಳಚಿದ್ದರೂ ಅಮನ್ ಲಾಡ್ಜ್-ಮಾಥೇರಾನ್ ನಡುವಿನ ಮೂರು ಕಿ.ಮೀ.ಗೂ ಕಡಿಮೆ ದೂರದ ಶಟಲ್ ರೈಲು 2019ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ಲಾಕ್‌ಡೌನ್‌ನಲ್ಲಿ ನಿಂತು, 2020ರ ನವೆಂಬರ್‌ನಲ್ಲಿ ಪುನಃ ಓಡಿತು. ಇಷ್ಟು ಚಿಕ್ಕ ದೂರಕ್ಕೆ ರೈಲು ಏಕೆ ಎಂಬ ಪ್ರಶ್ನೆ ಹೊರಗಿನವರಿಗೆ ಬರಬಹುದು. ಮಾಥೇರಾನ್ ನಿವಾಸಿಗಳಿಗೆ ಅದು ಅನಿವಾರ್ಯ.

ಕಾರಣ, ಮಾಥೇರಾನ್‌ನಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. 2003ರಲ್ಲಿ ಕೇಂದ್ರ ಸರ್ಕಾರ ಈ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯ ಎಂದು ಘೋಷಿಸಿದೆ. ನೇರಳ್‌ನಿಂದ ಬರುವ ಟ್ಯಾಕ್ಸಿಗಳು ದಸ್ತೂರಿ ನಾಕಾದಲ್ಲೇ ನಿಲ್ಲಬೇಕು. ಅದರ ಪಕ್ಕದಲ್ಲೇ ಅಮನ್ ಲಾಡ್ಜ್ ನಿಲ್ದಾಣ. ಇ-ರಿಕ್ಷಾ ಬರುವ ಮುನ್ನ ಅಲ್ಲಿಂದ ಊರೊಳಗೆ ಹೋಗಲು ಶಟಲ್ ರೈಲು, ಕುದುರೆ, ಕೈಗಾಡಿ ಅಥವಾ ಕಾಲ್ನಡಿಗೆಯೇ ದಾರಿಯಾಗಿತ್ತು. 2011ರ ಜನಗಣತಿಯಂತೆ ಐದು ಸಾವಿರಕ್ಕೂ ಕಡಿಮೆ ಜನಸಂಖ್ಯೆಯ ಈ ಊರಿಗೆ ದಿನಸಿಯಿಂದ ಹಿಡಿದು ಎಲ್ಲ ಸಾಮಾನೂ ಈ ದಾರಿಯಲ್ಲೇ ಬರಬೇಕು. ವಯಸ್ಸಾದವರು, ಕಾಯಿಲೆಯವರು, ಗರ್ಭಿಣಿಯರ ಪಾಡು ಊಹಿಸಬಹುದು.

ಮನುಷ್ಯರೇ ಎಳೆಯುವ ರಿಕ್ಷಾಗಳು ಇಲ್ಲಿ ದಶಕಗಳ ಕಾಲ ಉಳಿದದ್ದೂ ಇದೇ ಕಾರಣಕ್ಕೆ. 2022ರಲ್ಲಿ ಸುಪ್ರೀಂ ಕೋರ್ಟ್ ಪ್ರಾಯೋಗಿಕವಾಗಿ ಇ-ರಿಕ್ಷಾ ಓಡಿಸಲು ಅನುಮತಿ ನೀಡಿತು. 2025ರ ಆಗಸ್ಟ್‌ನಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ನೇತೃತ್ವದ ಪೀಠವು ಕೈಯಿಂದ ಎಳೆಯುವ ರಿಕ್ಷಾ ಪದ್ಧತಿ ಅಮಾನವೀಯ ಎಂದು ಹೇಳಿ, ಆರು ತಿಂಗಳಲ್ಲಿ ಅದನ್ನು ಕೊನೆಗೊಳಿಸಲು ಮತ್ತು ಎಳೆಯುವವರಿಗೆ ಪುನರ್ವಸತಿ ಕಲ್ಪಿಸಲು ಮಹಾರಾಷ್ಟ್ರ ಸರ್ಕಾರಕ್ಕೆ ಆದೇಶಿಸಿತು.

ಹಾಗಾಗಿ ಟಾಯ್ ಟ್ರೈನ್ ಪ್ರವಾಸಿಗರ ಆಟಿಕೆಯಷ್ಟೇ ಅಲ್ಲ. ಅದು ನಿಂತಾಗಲೆಲ್ಲ ಆ ಭಾರ ಯಾರದೋ ಬೆನ್ನಿನ ಮೇಲೆ, ಕುದುರೆಯ ಬೆನ್ನಿನ ಮೇಲೆ ಬೀಳುತ್ತದೆ.

ವಿದೇಶದಲ್ಲಿ ಸ್ವಯಂಸೇವಕರೇ ಜೋಡಿಸಿದ ಹಳಿ

ಪಾರಂಪರಿಕ ರೈಲನ್ನು ಊರಿನ ಜನರೇ ನಡೆಸುವ ಪರಂಪರೆ ಶುರುವಾಗಿದ್ದು ಬ್ರಿಟನ್‌ನ ವೇಲ್ಸ್‌ನಲ್ಲಿ. ಅಲ್ಲಿನ ಟಾಲಿಲಿನ್ ರೈಲ್ವೆ ಮುಚ್ಚುವ ಸ್ಥಿತಿಗೆ ಬಂದಾಗ, 1951ರಲ್ಲಿ ಸ್ವಯಂಸೇವಕರು ಅದನ್ನು ವಹಿಸಿಕೊಂಡರು. ಆಮೇಲೆ ಹತ್ತಾರು ಕಡೆ ಇದೇ ಮಾದರಿ ಹಬ್ಬಿತು. ಎಂಜಿನ್ ಚಾಲಕ, ಗಾರ್ಡ್, ಟಿಕೆಟ್ ಕೊಡುವವರು, ಹಳಿ ರಿಪೇರಿ ಮಾಡುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ರಜಾ ದಿನಗಳಲ್ಲಿ ದುಡಿಯುವವರು.

ಮುಖ್ಯ ಜಾಲಕ್ಕೆ ಮರುಜೋಡಣೆಯ ವಿಷಯದಲ್ಲಿ ಹೆಚ್ಚು ಚರ್ಚೆಯಾದದ್ದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸ್ವಾನೇಜ್ ರೈಲ್ವೆ. 1972ರ ಜನವರಿಯಲ್ಲಿ ಸ್ವಾನೇಜ್ ಶಾಖಾ ಮಾರ್ಗ ಮುಚ್ಚಿತು. ಅದೇ ವರ್ಷ ಹಳಿಯ ಬಹುಭಾಗವನ್ನು ಕಿತ್ತುಹಾಕಲಾಯಿತು. ಮುಖ್ಯ ಮಾರ್ಗದ ಕಡೆಯ ಒಂದು ತುಂಡು ಮಾತ್ರ ಜೇಡಿಮಣ್ಣು, ಬಳಿಕ ತೈಲ ಸಾಗಣೆಯ ಕಾರಣಕ್ಕೆ ಉಳಿಯಿತು. ಸ್ವಯಂಸೇವಕರು ಸ್ವಾನೇಜ್ ತುದಿಯಿಂದ ಹಳಿಯನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಹಾಸುತ್ತ ಬಂದರು. 1995ರಲ್ಲಿ ಕಾರ್ಫ್ ಕ್ಯಾಸಲ್ ಮತ್ತು ನಾರ್ಡನ್ ತಲುಪಿದರು. 2002ರಲ್ಲಿ ಎರಡೂ ಕಡೆಯ ಹಳಿಗಳು ಕೂಡಿದವು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ಮುಖ್ಯ ಮಾರ್ಗದ ವೇರ್‌ಹ್ಯಾಮ್ ನಿಲ್ದಾಣದವರೆಗೆ ನಿಗದಿತ ಪ್ರಾಯೋಗಿಕ ರೈಲು ಓಡಿಸಲು 2017ರವರೆಗೆ ಕಾಯಬೇಕಾಯಿತು. ಸಿಗ್ನಲ್ ವ್ಯವಸ್ಥೆ ಹೊಂದಿಸಬೇಕಿತ್ತು. ಹಳೆಯ ರೈಲುಗಳಿಗೆ ಮುಖ್ಯ ಮಾರ್ಗದ ಸುರಕ್ಷತಾ ಉಪಕರಣ ಅಳವಡಿಸಿ ಪ್ರಮಾಣಪತ್ರ ಪಡೆಯಬೇಕಿತ್ತು. ತಮ್ಮ ರೈಲು ಸಿದ್ಧವಾಗದ ಕಾರಣ 2017ರಲ್ಲಿ ಬೇರೆ ಸಂಸ್ಥೆಯ ರೈಲನ್ನು ಬಾಡಿಗೆಗೆ ತಂದರು. 2023ರಲ್ಲಿ ದುರಸ್ತಿಗೊಂಡ ತಮ್ಮದೇ ಹಳೆಯ ಡೀಸೆಲ್ ರೈಲಿನೊಂದಿಗೆ ಮತ್ತೊಂದು ಪ್ರಯೋಗ ನಡೆಯಿತು. ಆದರೆ ಅದು ಖಾಯಂ ಸೇವೆಯಾಗಿ ಮುಂದುವರಿಯಲಿಲ್ಲ.

ಹಳಿ ಕೂಡಿದ್ದಕ್ಕೂ ರೈಲು ಓಡಿದ್ದಕ್ಕೂ ನಡುವೆ 15 ವರ್ಷ. ಮರುಜೋಡಣೆಯಲ್ಲಿ ಕಬ್ಬಿಣದ ಕೆಲಸಕ್ಕಿಂತ ಸಿಗ್ನಲ್, ಪರವಾನಗಿ ಮತ್ತು ಹಣದ ಕೆಲಸವೇ ದೊಡ್ಡದು ಎಂಬುದಕ್ಕೆ ಸ್ವಾನೇಜ್ ಸಾಕ್ಷಿ.

ಮಾಥೇರಾನ್‌ಗೂ ಸ್ವಾನೇಜ್‌ಗೂ ಏನು ವ್ಯತ್ಯಾಸ?

* ಗೇಜ್: ಸ್ವಾನೇಜ್ ಹಳಿ ಮತ್ತು ಬ್ರಿಟನ್‌ನ ಮುಖ್ಯ ಹಳಿಯ ಅಳತೆ ಒಂದೇ. ಹಾಗಾಗಿ ರೈಲು ನೇರವಾಗಿ ಮುಂದೆ ಹೋಗಬಹುದು. ಭಾರತದ ಬ್ರಾಡ್‌ಗೇಜ್ 1,676 ಮಿ.ಮೀ., ಮಾಥೇರಾನ್‌ನದು 610 ಮಿ.ಮೀ. ಇಲ್ಲಿ 'ಜೋಡಣೆ' ಎಂದರೆ ನೇರಳ್‌ನಲ್ಲಿ ಇಳಿದು ಪಕ್ಕದ ಪ್ಲಾಟ್‌ಫಾರ್ಮ್‌ಗೆ ಹೋಗಿ ರೈಲು ಬದಲಿಸುವುದು.
* ಒಡೆತನ: ಅಲ್ಲಿ ಸ್ಥಳೀಯರು ಕಟ್ಟಿದ ಸಂಸ್ಥೆ. ಇಲ್ಲಿ ಹಳಿ, ಎಂಜಿನ್, ಸಿಬ್ಬಂದಿ ಎಲ್ಲವೂ ಭಾರತೀಯ ರೈಲ್ವೆಯದು.
* ಹಣ: ಅಲ್ಲಿ ದೇಣಿಗೆ, ಟಿಕೆಟ್, ಅನುದಾನ. ಇಲ್ಲಿ ರೈಲ್ವೆ ಬಜೆಟ್.
* ಶೆಡ್: ಮಾಥೇರಾನ್ ರೈಲಿನ ಎಂಜಿನ್ ಶೆಡ್ ಇರುವುದು ನೇರಳ್‌ನಲ್ಲಿ. ಕೊಂಡಿ ಕಳಚಿದರೆ ಮೇಲೆ ಉಳಿದ ಎಂಜಿನ್, ಬೋಗಿಗಳು ಹಳಿಯ ಮೇಲೆ ಅಲ್ಲಿಗೆ ಬರಲಾರವು.

ಕೊನೆಯ ಅಂಶ ಸಣ್ಣದೆನಿಸಬಹುದು. ಆದರೆ ಶಟಲ್ ಒಂದೇ ಸಾಕು, ಕೆಳಗಿನ ಮಾರ್ಗ ಬೇಡ ಎನ್ನುವ ವಾದಕ್ಕೆ ಇದೇ ಉತ್ತರ. ಬುಡದ ಸಂಪರ್ಕವಿಲ್ಲದೆ ತುದಿಯನ್ನು ಬಹುಕಾಲ ಓಡಿಸುವುದು ಕಷ್ಟ.

ಕರ್ನಾಟಕದಲ್ಲಿ ಹತ್ತಿರದ ಉದಾಹರಣೆ

ಸ್ವಯಂಸೇವೆಯ ಪಾರಂಪರಿಕ ರೈಲು ಕರ್ನಾಟಕದಲ್ಲಿಲ್ಲ. ಆದರೆ ಅದರ ಛಾಯೆ ಬೆಂಗಳೂರು-ಚಿಕ್ಕಬಳ್ಳಾಪುರ ಮಾರ್ಗದಲ್ಲಿ ಕಾಣಿಸುತ್ತದೆ. ಶತಮಾನದ ಹಿಂದೆ ನ್ಯಾರೋಗೇಜ್ ಆಗಿದ್ದ ಈ ಮಾರ್ಗ ಬ್ರಾಡ್‌ಗೇಜ್ ಆದ ಮೇಲೆ ಪುಟ್ಟ ರೈಲು ಇಲ್ಲವಾಯಿತು, ಹೆಂಚಿನ ಮಾಡಿನ ಹಳೆಯ ನಿಲ್ದಾಣಗಳು ಪಾಳುಬಿದ್ದವು. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕವು ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳ ಜೀರ್ಣೋದ್ಧಾರವನ್ನು ರೈಲ್ವೆಯ ಒಪ್ಪಿಗೆಯೊಂದಿಗೆ ಕೈಗೆತ್ತಿಕೊಂಡಿತು. 2021ರ ಜನವರಿಯಲ್ಲಿ ಇದೇ ಮಾರ್ಗದಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಹಾಲ್ಟ್‌ಗೆ ರೈಲು ಶುರುವಾಗಿ, ಮರೆತುಹೋಗಿದ್ದ ಹಳಿಗೆ ಮತ್ತೆ ಕೆಲಸ ಸಿಕ್ಕಿತು.

ಹಳಿ ಮತ್ತು ರೈಲು ಸರ್ಕಾರದ ಕೈಯಲ್ಲಿ, ಕಟ್ಟಡ ಮತ್ತು ನೆನಪು ಸಮಾಜದ ಕೈಯಲ್ಲಿ ಎಂಬ ಈ ಹಂಚಿಕೆ ಭಾರತಕ್ಕೆ ಹೊಂದುವ ದಾರಿ ಎನ್ನಬಹುದು. ನೇರಳ್, ಜುಮ್ಮಾಪಟ್ಟಿ, ವಾಟರ್ ಪೈಪ್ ನಿಲ್ದಾಣಗಳಿಗೂ ಇದೇ ಮಾದರಿ ಅನ್ವಯಿಸಬಹುದು.

ಮುಂದೇನು?

ಡಾರ್ಜಿಲಿಂಗ್ (1999), ನೀಲಗಿರಿ (2005) ಮತ್ತು ಕಾಲ್ಕಾ-ಶಿಮ್ಲಾ (2008) ಬೆಟ್ಟದ ರೈಲುಗಳಿಗೆ ಯುನೆಸ್ಕೋ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿದೆ. ಮಾಥೇರಾನ್ ಇನ್ನೂ ತಾತ್ಕಾಲಿಕ ಪಟ್ಟಿಯಲ್ಲಿದೆ. ಪಾರಂಪರಿಕ ಮಾರ್ಗಗಳಲ್ಲಿ 35 ಹೈಡ್ರೋಜನ್ ರೈಲುಗಳನ್ನು ಓಡಿಸುವ ರೈಲ್ವೆಯ ಯೋಜನೆಯಲ್ಲೂ ಮಾಥೇರಾನ್ ಹೆಸರಿದೆ.

ಆದರೆ ಹೊಸ ಎಂಜಿನ್‌ಗಿಂತ ಮೊದಲು ಬೇಕಿರುವುದು ಮಳೆಗೆ ನಿಲ್ಲುವ ಹಳಿ. ಮೋರಿಗಳಲ್ಲಿ ಹೂಳು ತುಂಬದಂತೆ ಮಳೆಗಾಲಕ್ಕೆ ಮುನ್ನ ಸ್ವಚ್ಛಗೊಳಿಸುವುದು, ಗುಡ್ಡದ ಬದಿಯ ಸಡಿಲ ಬಂಡೆಗಳನ್ನು ತೆಗೆಯುವುದು, ಕುಸಿಯುವ ಜಾಗಗಳಿಗೆ ಗೋಡೆ ಕಟ್ಟುವುದು. ಇವು ಉದ್ಘಾಟನೆಯ ಫೋಟೊದಲ್ಲಿ ಕಾಣದ ಕೆಲಸಗಳು. ಅವುಗಳ ಮೇಲೆಯೇ ಈ ರೈಲಿನ ಆಯುಸ್ಸು ನಿಂತಿದೆ.

ಹೋಗಬಯಸುವವರು ತಿಳಿದಿರಬೇಕಾದ್ದು

* ದಾರಿ: ದಿವಾ, ಡೊಂಬಿವಲಿ, ಕಲ್ಯಾಣ್‌ನಿಂದ ಕರ್ಜತ್ ಅಥವಾ ಖೋಪೋಲಿ ಕಡೆಯ ಲೋಕಲ್‌ನಲ್ಲಿ ನೇರಳ್‌ಗೆ ಬರಬಹುದು. ನವಿ ಮುಂಬೈಯವರು ಥಾಣೆಗೆ ಬಂದು ಮುಖ್ಯ ಮಾರ್ಗದ ಲೋಕಲ್ ಹಿಡಿಯಬಹುದು.
* ಮಳೆಗಾಲ: ಜೂನ್ ಮಧ್ಯದಿಂದ ಸಾಮಾನ್ಯವಾಗಿ ಅಕ್ಟೋಬರ್‌ವರೆಗೆ, ಕೆಲವೊಮ್ಮೆ ನವೆಂಬರ್ ಆರಂಭದವರೆಗೆ ನೇರಳ್-ಮಾಥೇರಾನ್ ಸಂಚಾರ ಇರುವುದಿಲ್ಲ. ಅಮನ್ ಲಾಡ್ಜ್ ಶಟಲ್ ಮಾತ್ರ ಇರುತ್ತದೆ.
* ಸೀಟು: ಬೋಗಿಗಳು ಚಿಕ್ಕವು, ರೈಲುಗಳೂ ಕಡಿಮೆ. ವಾರಾಂತ್ಯದಲ್ಲಿ ಟಿಕೆಟ್ ಬೇಗ ಮುಗಿಯುತ್ತದೆ. ಹೊರಡುವ ಮುನ್ನ ಮಧ್ಯ ರೈಲ್ವೆಯ ವೇಳಾಪಟ್ಟಿ ನೋಡಿಕೊಳ್ಳಿ.
* ರೈಲು ಸಿಗದಿದ್ದರೆ: ನೇರಳ್ ನಿಲ್ದಾಣದ ಹೊರಗಿನಿಂದ ದಸ್ತೂರಿ ನಾಕಾದವರೆಗೆ ಶೇರ್ ಟ್ಯಾಕ್ಸಿ ಸಿಗುತ್ತದೆ. ಅಲ್ಲಿಂದ ಶಟಲ್ ಹಿಡಿಯಬಹುದು ಅಥವಾ ನಡೆಯಬಹುದು.
* ಸಾಮಾನು: ಬೆಟ್ಟದ ಮೇಲೆ ಸ್ವಂತ ವಾಹನ ಇರುವುದಿಲ್ಲ. ಆದಷ್ಟು ಹಗುರವಾಗಿ ಹೊರಡುವುದು ಒಳಿತು.